ಠರಾವು ಓದದೆ ಸಹಿ ಹಾಕಬೇಡ, ಮಗಳೇ

ಪ್ರೀತಿಯ ಮಗಳೇ,

ನೀನು ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಗೆದ್ದ ಸುದ್ದಿ ಕೇಳಿ ಮನಸ್ಸು ತುಂಬಿ ಬಂತು. ಈ ಕಾಗದವನ್ನು ನಿನ್ನ ಹೆಸರಿಗೆ ಬರೆಯುತ್ತಿದ್ದರೂ, ಮೊದಲ ಸಲ ಪಂಚಾಯಿತಿ ಮೆಟ್ಟಿಲು ಹತ್ತುತ್ತಿರುವ ನಿನ್ನ ವಯಸ್ಸಿನ ಎಲ್ಲರೂ ಇದನ್ನು ಓದಲಿ ಎಂಬುದು ನನ್ನ ಆಸೆ. ಈಗಿನ ಗ್ರಾಮ ಪಂಚಾಯಿತಿಗಳಿಗೆ ಮುಂಚಿನ ಮಂಡಲ ಪಂಚಾಯಿತಿಗಳ ಕಾಲದಲ್ಲಿ ಕಾರ್ಯದರ್ಶಿಯಾಗಿ ಸೇರಿ, ನಿವೃತ್ತಿಯವರೆಗೂ ನಡಾವಳಿ ಪುಸ್ತಕ ಬರೆದವನು ನಾನು. ಆ ಪುಸ್ತಕದ ಬಗ್ಗೆಯೇ ನಿನಗೆ ಮುಖ್ಯವಾಗಿ ಹೇಳಬೇಕಾಗಿದೆ.

ಊರಿನವರು ನಿನ್ನ ಹತ್ತಿರ ಬಂದು ‘ಅಧ್ಯಕ್ಷರಿಗೆ ಹೇಳಿ ಮಾಡಿಸಿಕೊಡವ್ವ’ ಅನ್ನುತ್ತಾರೆ. ಕೆಲವರು ‘ಪಿಡಿಒ ಮನಸ್ಸು ಮಾಡಿದರೆ ಆಗುತ್ತೆ’ ಅನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಅಧಿಕಾರವನ್ನು ಕೊಟ್ಟಿರುವುದು ಸಭೆಗೆ. ಅಧ್ಯಕ್ಷರು ಸಭೆ ನಡೆಸುವವರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಭೆ ತೀರ್ಮಾನಿಸಿದ್ದನ್ನು ಜಾರಿ ಮಾಡುವವರು. ತೀರ್ಮಾನ ಮಾಡುವವರು ನೀವು, ಸದಸ್ಯರು. ಆ ತೀರ್ಮಾನ ಕಾಗದದ ಮೇಲೆ ಠರಾವು ಆಗುತ್ತದೆ. ಠರಾವಿಲ್ಲದೆ ಖರ್ಚು ಹಾಕುವಂತಿಲ್ಲ. ಠರಾವು ಆದಮೇಲೆ, ಆ ಖರ್ಚಿಗೆ ಸಭೆಯಲ್ಲಿ ಕೂತು ಒಪ್ಪಿಗೆ ಕೊಟ್ಟ ಪ್ರತಿಯೊಬ್ಬರೂ ಉತ್ತರ ಕೊಡಬೇಕು.

ಆದ್ದರಿಂದ ನಿನ್ನ ಕೆಲಸ ಸಭೆಯ ದಿನ ಶುರುವಾಗುವುದಿಲ್ಲ, ತಿಳಿವಳಿಕೆ ಪತ್ರ ಕೈಗೆ ಬಂದ ದಿನ ಶುರುವಾಗುತ್ತದೆ. ಸಾಮಾನ್ಯ ಸಭೆಗೆ 7 ದಿನ, ವಿಶೇಷ ಸಭೆಗೆ 3 ದಿನ ಮುಂಚೆ ಆ ಪತ್ರ ನಿನಗೆ ತಲುಪಬೇಕು. ನೀರುಗಂಟಿ ಬಂದು ಬಾಗಿಲಲ್ಲಿ ನಿಂತು ‘ನಾಳೆ ಮೀಟಿಂಗ್ ಐತಕ್ಕ’ ಎಂದು ಹೇಳಿಹೋದರೆ ಅದು ತಿಳಿವಳಿಕೆ ಆಗಲಿಲ್ಲ. ಪತ್ರದಲ್ಲಿ ವಿಷಯ ಸೂಚಿ ಇರಬೇಕು. ಒಂದೊಂದು ವಿಷಯವನ್ನೂ ಓದಿ, ಅರ್ಥವಾಗದ್ದನ್ನು ಗುರುತು ಹಾಕಿಕೊಂಡು, ಸಭೆಯ ಹಿಂದಿನ ದಿನ ಕಚೇರಿಗೆ ಹೋಗಿ ಕಡತ ನೋಡು.

ಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬ ಸಾಲು ಯಾವಾಗಲೂ ಇರುತ್ತದೆ. ಪೈಪು ಒಡೆದಿದೆ, ಮೋಟಾರು ಸುಟ್ಟಿದೆ, ನಾಳೆಯೇ ರಿಪೇರಿ ಆಗಬೇಕು ಎನ್ನುವಂಥದ್ದಕ್ಕೆ ಆ ಸಾಲು ಬೇಕು. ಆದರೆ ಲಕ್ಷಾಂತರ ರೂಪಾಯಿಯ ಖರೀದಿ, ಬಡಾವಣೆಗೆ ಸಂಬಂಧಪಟ್ಟ ಒಪ್ಪಿಗೆ, ಮಳಿಗೆ ಹರಾಜು ಇಂಥವು ಆ ಸಾಲಿನ ಕೆಳಗೆ, ಎಲ್ಲರೂ ಎದ್ದು ಹೊರಡುವ ಹೊತ್ತಿಗೆ ಬಂದರೆ ನೀನು ಕೂತಲ್ಲೇ ಕೂತು, ‘ಇದು ಮುಂದಿನ ಸಭೆಯ ಸೂಚಿಯಲ್ಲಿ ಬರಲಿ’ ಎಂದು ಹೇಳಬೇಕು. ಮೊದಲ ಸಲ ಹೇಳುವಾಗ ಗಂಟಲು ಒಣಗುತ್ತದೆ. ಹೇಳು.

ಇನ್ನು ನಡಾವಳಿ ಪುಸ್ತಕ. ಎಷ್ಟೋ ಪಂಚಾಯಿತಿಗಳಲ್ಲಿ ನಡೆಯುವುದು ಹೀಗೆ: ಬಂದ ತಕ್ಷಣ ಸದಸ್ಯರು ಪುಸ್ತಕದಲ್ಲಿ ಹಾಜರಿ ಸಹಿ ಹಾಕುತ್ತಾರೆ. ಮಾತು, ಜಗಳ, ಟೀ ಎಲ್ಲ ಆಗುತ್ತದೆ. ಠರಾವನ್ನು ಮಾತ್ರ ಎರಡು ದಿನ ಬಿಟ್ಟು, ಕಚೇರಿಯಲ್ಲಿ ಬರೆಯುತ್ತಾರೆ. ಆ ಸಹಿಗಳ ಕೆಳಗೆ ಬಿಟ್ಟ ಜಾಗದಲ್ಲಿ ಏನು ಬರೆದರೂ ಅದು ‘ಸರ್ವಾನುಮತದ ತೀರ್ಮಾನ’. ಸಭೆಯಲ್ಲಿ ಬೇಡ ಎಂದವರ ಹೆಸರೂ ಆ ಸರ್ವಾನುಮತದೊಳಗೆ ಸೇರಿಹೋಗಿರುತ್ತದೆ. ಇದು ನನ್ನ ಕಣ್ಣೆದುರು ನಡೆದಿದೆ. ಇಂಥ ಠರಾವಿಗೆ ಸಿಕ್ಕಿಬಿದ್ದು, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ ‘ನಂಗೆ ಗೊತ್ತೇ ಇಲ್ಲ ಸಾರ್’ ಎಂದು ಅತ್ತವರನ್ನೂ ನೋಡಿದ್ದೇನೆ. ಅವರ ಸಹಿ ಅಲ್ಲಿತ್ತು.

ಹಾಜರಿಯ ಸಹಿ ಎಂದರೆ ಬಂದಿದ್ದೆ ಎಂಬುದಕ್ಕೆ ಗುರುತು, ಅಷ್ಟೇ. ಪ್ರತಿ ವಿಷಯ ಮುಗಿದ ಕೂಡಲೇ ಠರಾವಿನ ಪಠ್ಯವನ್ನು ಅಲ್ಲೇ ಗಟ್ಟಿಯಾಗಿ ಓದಿಸು. ಓದಿದ್ದನ್ನು ಕೇಳಿಸಿಕೊಳ್ಳುವಾಗ ಒಂದು ಸಂಗತಿ ಗಮನಿಸು. ‘ಗ್ರಾಮದ ಚರಂಡಿ ಕಾಮಗಾರಿ ಕುರಿತು ಚರ್ಚಿಸಿ ಒಪ್ಪಿಗೆ ನೀಡಲಾಯಿತು’ ಎಂದು ಬರೆದರೆ ಅದರಲ್ಲಿ ಏನೂ ಇಲ್ಲ. ಅಥವಾ ಯಾರು ಏನು ಬೇಕಾದರೂ ತುಂಬಿಕೊಳ್ಳಬಹುದು. ಯಾವ ಬೀದಿ, ಯಾರ ಮನೆಯಿಂದ ಎಲ್ಲಿಯವರೆಗೆ, ಎಷ್ಟು ಮೀಟರ್, ಅಂದಾಜು ಪಟ್ಟಿಯ ಮೊತ್ತವೆಷ್ಟು, ಯಾವ ಅನುದಾನದಿಂದ ಎಂಬುದೆಲ್ಲ ಠರಾವಿನಲ್ಲೇ ಇರಬೇಕು. ಒಂದೇ ಚರಂಡಿಗೆ ಎರಡು ವರ್ಷ ಎರಡು ಲೆಕ್ಕದಿಂದ ಬಿಲ್ಲು ಆಗುವುದು ಇಂಥ ಬೋಳು ಠರಾವುಗಳಿಂದಲೇ. ನಿನಗೆ ಒಪ್ಪಿಗೆ ಇಲ್ಲದಿದ್ದರೆ ಬಹುಮತದ ತೀರ್ಮಾನವನ್ನು ಗೌರವಿಸು, ಆದರೆ ನಿನ್ನ ಆಕ್ಷೇಪಣೆಯನ್ನು ಹೆಸರು ಸಹಿತ ದಾಖಲಿಸಿ ಎಂದು ಕೇಳು. ಮುಂದಿನ ಸಭೆಯ ಮೊದಲ ವಿಷಯ ‘ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು’. ಎಲ್ಲರೂ ಅದನ್ನು ‘ಆಯ್ತು ಆಯ್ತು, ಮುಂದಕ್ಕೆ ಹೋಗಿ’ ಎಂದು ದಾಟಿಸುತ್ತಾರೆ. ನೀನು ದಾಟಿಸಬೇಡ. ತಪ್ಪು ಬರೆದಿದ್ದರೆ ತಿದ್ದಿಸಲು ಇರುವ ಜಾಗ ಅದೇ.

ಹಣದ ವಿಷಯಕ್ಕೆ ಬರೋಣ. ಪಂಚಾಯಿತಿಗೆ ಬರುವ ದುಡ್ಡೆಲ್ಲ ಒಂದೇ ಅಲ್ಲ. 15ನೇ ಹಣಕಾಸು ಆಯೋಗದ ಅನುದಾನವನ್ನೇ ತೆಗೆದುಕೋ. 2021ರಿಂದ 2026ರವರೆಗಿನ ಅವಧಿಗೆ ಅದರಲ್ಲಿ ಶೇ 60 ಕಟ್ಟುಪಾಡಿನ ಹಣವಾಗಿತ್ತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಊರಿನ ಅಗತ್ಯಕ್ಕೆ. ಅದರಲ್ಲೂ ಸಂಬಳ ಕೊಡುವಂತಿರಲಿಲ್ಲ. ಅಂದರೆ 10 ಲಕ್ಷ ಬಂದರೆ 3 ಲಕ್ಷ ನೀರಿಗೆ, 3 ಲಕ್ಷ ಸ್ವಚ್ಛತೆಗೆ, ಸಭೆ ಮುಕ್ತವಾಗಿ ಯೋಚಿಸಬಹುದಾದದ್ದು 4 ಲಕ್ಷ ಮಾತ್ರ. ಸಭೆಯಲ್ಲಿ ಯಾರಾದರೂ 10 ಲಕ್ಷವನ್ನೂ ಸಿಸಿ ರಸ್ತೆಗೆ ಹಾಕೋಣ ಎಂದರೆ ಇಂಥ ಲೆಕ್ಕ ನಿನ್ನ ಬಾಯಲ್ಲಿರಬೇಕು. ಅದರ ನಂತರದ ಆಯೋಗಗಳ ಷರತ್ತು ಬೇರೆ ಇರಬಹುದು. ಸುತ್ತೋಲೆಯನ್ನು ಕೇಳಿ ಪಡೆದು ಓದು.

ಇನ್ನೊಂದು ಪಂಚಾಯಿತಿಯ ಸ್ವಂತ ಹಣ: ಮನೆ ಕಂದಾಯ, ನೀರಿನ ದರ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ. ಸಭೆಗೆ ಹೆಚ್ಚು ಸ್ವಾತಂತ್ರ್ಯ ಇರುವುದು ಇಲ್ಲೇ. ಪರಿಶಿಷ್ಟರಿಗೆಂದು ತೆಗೆದಿಡುವ ‘ಶೇ 25’, ಅಂಗವಿಕಲರಿಗೆಂದು ತೆಗೆದಿಡುವ ‘ಶೇ 5’ ಎಂದು ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇರುವ ನಿಧಿಗಳು ಇದರಿಂದಲೇ ಹುಟ್ಟುವುದು. ಆ ಹಣ ವರ್ಷದ ಕೊನೆಗೆ ಉಳಿದುಬಿಟ್ಟರೆ, ಅಥವಾ ಊರ ಹೆಬ್ಬಾಗಿಲ ರಸ್ತೆಗೆ ತಿರುಗಿಬಿಟ್ಟರೆ ಕೇಳುವವರು ಯಾರೂ ಇರುವುದಿಲ್ಲ. ದಯವಿಟ್ಟು ನೀನು ಕೇಳು. ಗಾಲಿಕುರ್ಚಿ ಬೇಕಾದ ಹುಡುಗನೊಬ್ಬ ಯಾವ ವಾರ್ಡಿನವನೇ ಆಗಿರಲಿ, ಅವನ ಪರವಾಗಿ ಮಾತಾಡಬೇಕಾದವಳು ನೀನು.

ಸ್ವಂತ ಆದಾಯದ ಲೆಕ್ಕ ‘ಡಿಸಿಬಿ’ ವಹಿಯಲ್ಲಿದೆ: ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು. ಆಯವ್ಯಯ ಸಭೆಗೆ ಮುಂಚೆ ಅದನ್ನು ನೋಡು. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೆ ಮುಂಚೆ ಸಭೆ ಆಯವ್ಯಯಕ್ಕೆ ಒಪ್ಪಿಗೆ ಕೊಡಬೇಕು. ಬಹಳ ಕಡೆ ಹಿಂದಿನ ವರ್ಷದ ಅಂಕಿಗಳ ಮೇಲೆ ಸ್ವಲ್ಪ ಏರಿಸಿ ಹೊಸ ಆಯವ್ಯಯ ತಯಾರಾಗುತ್ತದೆ. ಬಾಕಿ ಬೆಟ್ಟದಷ್ಟಿದ್ದರೂ ಪೂರ್ತಿ ವಸೂಲಾಗುತ್ತದೆ ಎಂದು ಬರೆದು ಅದರ ಮೇಲೆ ಖರ್ಚು ಕಟ್ಟುತ್ತಾರೆ. ಕೊನೆಗೆ ಹಣ ಸಾಲದೆ ನಿಂತುಹೋಗುವುದು ನೀರುಗಂಟಿಯ ಸಂಬಳ, ಬೀದಿದೀಪದ ಕರೆಂಟ್ ಬಿಲ್ಲು.

ನೀರಿನ ದರ ಏರಿಸುವ ವಿಷಯ ಬಂದರೆ ಎಲ್ಲರೂ ಮುಂದೂಡುತ್ತಾರೆ, ವೋಟು ಹೋಗುತ್ತದೆ ಎಂಬ ಹೆದರಿಕೆ. ಜಲಜೀವನ ಮಿಷನ್ ಬಂದಮೇಲೆ ಎಷ್ಟೋ ಊರುಗಳಲ್ಲಿ ಮನೆಮನೆಗೆ ನಲ್ಲಿ ಆಗಿದೆ, ಆದರೆ ಮೋಟಾರು, ಕರೆಂಟು, ರಿಪೇರಿ ಪಂಚಾಯಿತಿಯ ತಲೆಗೆ ಬಿದ್ದಿದೆ. ನನ್ನ ಅಭಿಪ್ರಾಯ ಕೇಳಿದರೆ, ಲೆಕ್ಕವನ್ನು ಜನರ ಮುಂದಿಟ್ಟು ದರ ಏರಿಸುವ ಸದಸ್ಯೆಯೇ ಜನರಿಗೆ ನಿಜವಾದ ಉಪಕಾರ ಮಾಡುವವಳು. ತಿಂಗಳಿಗೆ ಕರೆಂಟ್‌ಗೆ ಇಷ್ಟು, ರಿಪೇರಿಗೆ ಇಷ್ಟು, ವಸೂಲಾಗಿದ್ದು ಇಷ್ಟು ಎಂದು ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ಜನ ನಾವು ಅಂದುಕೊಂಡಷ್ಟು ಕೋಪ ಮಾಡಿಕೊಳ್ಳುವುದಿಲ್ಲ.

ನನ್ನನ್ನು ಬಹಳ ನೋಯಿಸಿದ್ದು ಕ್ರಿಯಾ ಯೋಜನೆಯ ಸಮಪಾಲು. ಕಾಯ್ದೆಯ ಪ್ರಕಾರ ಕೆಲಸಗಳ ಪಟ್ಟಿ ವಾರ್ಡ್ ಸಭೆಯಲ್ಲಿ ಹುಟ್ಟಬೇಕು, ಗ್ರಾಮಸಭೆಯಲ್ಲಿ ಆದ್ಯತೆ ಸಿಗಬೇಕು, ಪಂಚಾಯಿತಿ ಸಭೆ ಅದಕ್ಕೆ ಒಪ್ಪಿಗೆ ಕೊಡಬೇಕು. ಆದರೆ ಬಂದ ಅನುದಾನವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ, ‘ನಿಮ್ಮ ಪಾಲು ಇಷ್ಟು, ಕೆಲಸ ಕೊಡಿ’ ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಜಾತ್ರೆಯ ಪ್ರಸಾದ ಹಂಚಿದ ಹಾಗೆ ಎಲ್ಲರ ಕೈಗೂ ಒಂದು ಚೂರು, ಯಾರ ಹೊಟ್ಟೆಯೂ ತುಂಬುವುದಿಲ್ಲ. ಮೂರು ವಾರ್ಡಿಗೆ ಬೇಕಾದ ಒಂದು ಮೇಲ್ತೊಟ್ಟಿ ವರ್ಷಗಟ್ಟಲೆ ಆಗುವುದಿಲ್ಲ, ಏಕೆಂದರೆ ಅದು ಯಾರೊಬ್ಬರ ಪಾಲಿನಲ್ಲೂ ಹಿಡಿಸುವುದಿಲ್ಲ. ಅದರ ಬದಲು ಅರ್ಧರ್ಧ ಚರಂಡಿಗಳು, ಎಲ್ಲಿಗೂ ಮುಟ್ಟದ ರಸ್ತೆಯ ತುಣುಕುಗಳು. ಕೆಲಸ ತುಂಡಾದಷ್ಟೂ ಟೆಂಡರ್ ಇಲ್ಲದೆ ತುಂಡು ಗುತ್ತಿಗೆಗೆ ಕೊಡುವುದು ಸುಲಭ ಎಂಬುದೂ ಇದರ ಹಿಂದಿದೆ. ಸಮಪಾಲು ನ್ಯಾಯದ ಹಾಗೆ ಕಾಣುತ್ತದೆ, ಆದರೆ ಕಡಿಮೆ ಸವಲತ್ತಿನ ಕೇರಿ ಕಡಿಮೆ ಸವಲತ್ತಿನಲ್ಲೇ ಉಳಿಯುತ್ತದೆ. ಮೊದಲ ವರ್ಷವೇ ಇನ್ನಿಬ್ಬರು ಸದಸ್ಯರನ್ನು ಮಾತಾಡಿಸಿ, ‘ಈ ವರ್ಷ ನಮ್ಮ ಪಾಲೂ ಆ ಕೇರಿಗೇ ಹೋಗಲಿ’ ಎಂದು ಹೇಳಿ ನೋಡು. ಅಂಥ ಒಂದು ಠರಾವು ಆದ ಪಂಚಾಯಿತಿಯಲ್ಲಿ ಮುಂದೆ ಮಾತಿನ ರೀತಿಯೇ ಬದಲಾಗುತ್ತದೆ.

ಸ್ಥಾಯಿ ಸಮಿತಿಗಳಿವೆ: ಸಾಮಾನ್ಯ ಸಮಿತಿ; ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ; ಸಾಮಾಜಿಕ ನ್ಯಾಯ ಸಮಿತಿ. ಹಣಕಾಸು ಸಮಿತಿಯಲ್ಲಿ ಸ್ಥಾನ ಕೇಳು. ಅಲ್ಲಿ ಕೂತರೆ ವೋಚರ್, ಅಳತೆ ಪುಸ್ತಕ, ಬಿಲ್ಲು ಇವುಗಳನ್ನು ಸಮಾಧಾನವಾಗಿ ನೋಡಬಹುದು. ಪ್ರತಿ ಸಭೆಯಲ್ಲೂ ಹಿಂದಿನ ತಿಂಗಳ ಜಮಾ-ಖರ್ಚು ಓದಿಸು. ಕೆಲಸ ಎಲ್ಲಿ ಆಗಿದೆ ಎಂದು ಕೇಳಿ, ಸಂಜೆ ಒಂದು ಸುತ್ತು ನಡೆದು ಕಣ್ಣಲ್ಲಿ ನೋಡಿ ಬಾ.

ಮುಂದೆ ನೀನೇ ಅಧ್ಯಕ್ಷೆಯಾಗಬಹುದು. ಆಗ ಹಣ ಪಾವತಿಗೆ ನಿನ್ನ ಡಿಜಿಟಲ್ ಸಹಿಯೂ ಪಿಡಿಒ ಸಹಿಯೂ ಬೇಕು. ಆ ಸಹಿಯ ಡೋಂಗಲ್ ಸದಾ ನಿನ್ನ ಹತ್ತಿರ ಇರಲಿ. ಆಪರೇಟರ್ ಮೇಜಿನ ಡ್ರಾಯರಿನಲ್ಲಿ ಅಲ್ಲ, ಮನೆಯ ಗಂಡಸರ ಜೇಬಿನಲ್ಲೂ ಅಲ್ಲ. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ನಾಲ್ಕನೇ ಒಂದು ಭಾಗ ಇತ್ತು. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರಂಥವರು ಪಟ್ಟು ಹಿಡಿದು ತಂದ ವ್ಯವಸ್ಥೆ ಅದು. ಆ ಕುರ್ಚಿಯಲ್ಲಿ ಗಂಡನೋ ಮೈದುನನೋ ಬಂದು ಕೂರುವುದನ್ನು ಕಾನೂನು ಒಪ್ಪುವುದಿಲ್ಲ. ನಿನ್ನ ಮನೆಯವರು ಒಳ್ಳೆಯವರೇ. ಮನೆಯಲ್ಲಿ ಅವರ ಸಲಹೆ ಕೇಳು, ಸಭೆಗೆ ಒಬ್ಬಳೇ ಹೋಗು. ಹಾಗೆಯೇ ನಿನ್ನದೋ ನಿನ್ನ ಮನೆಯವರದೋ ಹಣದ ಹಿತ ಇರುವ ವಿಷಯ ಬಂದರೆ ಚರ್ಚೆಯಲ್ಲಿ ಮಾತಾಡಬೇಡ, ಮತವನ್ನೂ ಹಾಕಬೇಡ; ಎದ್ದು ಹೊರಗೆ ಹೋಗು. ಕಾಯ್ದೆ ಅದನ್ನೇ ಹೇಳುತ್ತದೆ, ಊರೂ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಪಿಡಿಒ ಜೊತೆ ಜಗಳಕ್ಕೆ ಇಳಿಯಬೇಡ. ಸಭೆಯ ಠರಾವು ಕಾನೂನಿಗೆ ವಿರುದ್ಧವಾಗಿದ್ದರೆ ಮೇಲಿನವರು ಅದನ್ನು ತಡೆಹಿಡಿಯಬಹುದು, ಆದ್ದರಿಂದ ‘ಇದಕ್ಕೆ ನಿಯಮ ಏನು ಹೇಳುತ್ತೆ’ ಎಂದು ಅವರನ್ನೇ ಮೊದಲು ಕೇಳು. ಒಳ್ಳೆಯ ಅಧಿಕಾರಿಗೆ ಓದಿಕೊಂಡು ಬರುವ ಸದಸ್ಯೆ ಎಂದರೆ ದೊಡ್ಡ ಬಲ. ಮೈಸೂರಿನಲ್ಲಿ ನಜೀರ್ ಸಾಬ್ ಅವರ ಹೆಸರಿನ ಸಂಸ್ಥೆ ಇದೆ, ಅಲ್ಲಿನ ತರಬೇತಿಗೆ ಕರೆ ಬಂದರೆ ತಪ್ಪಿಸಿಕೊಳ್ಳಬೇಡ.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲವನ್ನೂ ಜನರ ಎದುರು ತಪಾಸಣೆ ಮಾಡುವ ದಿನ ಅದು. ಎಷ್ಟೋ ಕಡೆ ಶಾಮಿಯಾನ ಹಾಕಿ ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ನಿನ್ನ ವಾರ್ಡಿನಿಂದ ಹತ್ತು ಜನರನ್ನಾದರೂ ಕರೆದುಕೊಂಡು ಹೋಗು, ಅದರಲ್ಲಿ ಹೆಣ್ಣುಮಕ್ಕಳು ಹೆಚ್ಚಿರಲಿ.

ಸದ್ಯಕ್ಕೆ ಒಂದು ಕೆಲಸ ಮಾಡು. ಮೊದಲ ಸಭೆಗೆ ಮುಂಚೆ ಕಚೇರಿಗೆ ಹೋಗಿ, ಕಳೆದ ಒಂದು ವರ್ಷದ ನಡಾವಳಿ ಪುಸ್ತಕ, ಆಯವ್ಯಯ, ಕ್ರಿಯಾ ಯೋಜನೆ ಮೂರನ್ನೂ ನೋಡಬೇಕು ಎಂದು ಕೇಳು. ಸದಸ್ಯೆಯಾಗಿ ಅದು ನಿನ್ನ ಹಕ್ಕು. ‘ಆಮೇಲೆ ನೋಡೋಣ’ ಎಂದರೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಪಡೆದುಕೊಂಡೇ ಮನೆಗೆ ಬಾ.

ಇತಿ ನಿನ್ನ ಶ್ರೇಯಸ್ಸನ್ನು ಬಯಸುವ,
ಒಬ್ಬ ನಿವೃತ್ತ ಪಂಚಾಯಿತಿ ಕಾರ್ಯದರ್ಶಿ