ಅಹಿಂಸಾಣುವ್ರತದ ಅತಿಚಾರಗಳೂ ಮೂಕಪ್ರಾಣಿಗಳ ಔಷಧದಾನವೂ

ಅಷ್ಟಮಿ-ಚತುರ್ದಶಿಗಳಂದು ಶ್ರಾವಕನು ಉಪವಾಸವನ್ನು ಕೈಕೊಳ್ಳುತ್ತಾನೆ. ಬೆಳಗಿನ ಅಭಿಷೇಕ, ಪೂಜೆ, ಸ್ವಾಧ್ಯಾಯಗಳಲ್ಲಿ ಅವನ ದಿನವು ಬಸದಿಯಲ್ಲಿಯೇ ಕಳೆಯುತ್ತದೆ. ಅತ್ತ ಮನೆಯ ಕೊಟ್ಟಿಗೆಯಲ್ಲಿ ಎತ್ತು ಬರಿದಾದ ಗೋದಲಿಯನ್ನು ಮೂಸಿ ನೋಡಿ ಬಾಗಿಲ ಕಡೆಗೆ ಮುಖ ಮಾಡಿ ನಿಂತಿರುತ್ತದೆ. ಆ ದಿನ ಹಸಿದವರು ಇಬ್ಬರು. ಒಬ್ಬನ ಹಸಿವು ತಪಸ್ಸು. ಇನ್ನೊಂದರ ಹಸಿವು ಒಡೆಯನಿಗೆ ತಟ್ಟುವ ದೋಷ. ತಾನಾಗಿ ಬಿಟ್ಟ ಆಹಾರವು ವ್ರತವಾಗುತ್ತದೆ; ಪರರಿಗೆ ತಪ್ಪಿಸಿದ ಆಹಾರವು ವ್ರತಭಂಗಕ್ಕೆ ದಾರಿಯಾಗುತ್ತದೆ. ಈ ಭೇದವನ್ನು ಅರಿಯುವುದೇ ಪ್ರಸ್ತುತ ಪಾಠದ ಉದ್ದೇಶ.

ಐದು ಅತಿಚಾರಗಳು

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವುಗಳಲ್ಲಿ ಕೊಲ್ಲುವ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಇಲ್ಲಿಯ ವಧ ಶಬ್ದಕ್ಕೂ ಕೋಲು, ಚಾವಟಿಗಳಿಂದ ಹೊಡೆಯುವುದೆಂದೇ ಅರ್ಥ. ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅನ್ನಪಾನನಿರೋಧವನ್ನು ವಿವರಿಸುವಾಗ ಗೋವು ಮೊದಲಾದವುಗಳ ಹಸಿವು-ನೀರಡಿಕೆಗಳನ್ನು ಹೆಸರಿಸಿದ್ದಾರೆ. ಆದುದರಿಂದ ಈ ಸೂತ್ರವು ಅಡುಗೆಮನೆಗೆ ಎಷ್ಟು ಸಂಬಂಧಿಸಿದೆಯೋ ಕೊಟ್ಟಿಗೆಗೂ ಅಷ್ಟೇ ಸಂಬಂಧಿಸಿದೆ.

ಇದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಒಕ್ಕಲು ಬಾಳಿನಲ್ಲಿಟ್ಟು ನೋಡಬಹುದು. ಘಟಪ್ರಭೆ-ಹಿರಣ್ಯಕೇಶಿಗಳ ನೀರುಂಡ ಈ ನೆಲದಲ್ಲಿ ಕಬ್ಬು ಮುಖ್ಯ ಬೆಳೆ. ಟ್ರ್ಯಾಕ್ಟರುಗಳು ಬಂದ ಮೇಲೂ ಕಬ್ಬಿನ ಹಂಗಾಮಿನಲ್ಲಿ ಎತ್ತಿನ ಗಾಡಿಗಳು ಕಾಣುತ್ತವೆ. ಗಾಡಿಯ ಹೇರು ಮಿತಿ ಮೀರಿದರೆ ಅತಿಭಾರಾರೋಪಣ. ಏರಿನಲ್ಲಿ ಎತ್ತು ತಡವರಿಸಿದಾಗ ಬಾರಕೋಲು ಬೀಸಿದರೆ ವಧ. ಸರದಿಗಾಗಿ ಕಾಯುವಾಗ ಕೊರಳು ಬಿಚ್ಚದೆ ನೊಗದಲ್ಲಿಯೇ ನಿಲ್ಲಿಸಿದರೆ ಬಂಧ. ನೀರು ಕುಡಿಸದಿದ್ದರೆ ಅನ್ನಪಾನನಿರೋಧ. ಬೇನೆ ಬಂದ ದನಕ್ಕೆ ಕಾದ ಕಬ್ಬಿಣದ ಬರೆ ಹಾಕುವ ರೂಢಿಯೂ ಪೀಡೆಯೇ ಹೊರತು ಚಿಕಿತ್ಸೆಯಲ್ಲ. ಒಂದೇ ದಿನದ ದುಡಿಮೆಯಲ್ಲಿ ಇಷ್ಟು ದೋಷಗಳು ಕೂಡಬಹುದು. ಅವನ್ನು ಮಾಡಿದವನು ಸಂಜೆ ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮವನ್ನು ತಪ್ಪದೆ ಪಾಲಿಸಿರಲೂಬಹುದು!

ದೇಶದ ಕಾನೂನೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಅಧಿನಿಯಮದಡಿ 1965ರಲ್ಲಿ ರಚಿತವಾದ ನಿಯಮಗಳಂತೆ ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸಲಾಗದು. ಉಷ್ಣತೆಯು 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲಾಗದು. ಮೊಳೆಯುಳ್ಳ ಕೋಲೂ ನಿಷಿದ್ಧ. ಕಾನೂನಿಗೆ ಅಂಜಿ ಪಾಲಿಸುವುದಕ್ಕಿಂತ ವ್ರತಕ್ಕೆ ಅಂಜಿ ಪಾಲಿಸುವುದು ಶ್ರಾವಕನಿಗೆ ಶೋಭೆ.

ದಾನದ ಅಧಿಕಾರಿಗಳು

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂದು ದಾನವು ನಾಲ್ಕು ಬಗೆ. ಸತ್ಪಾತ್ರರಿಗೆ ಭಕ್ತಿಯಿಂದ ಕೊಡುವುದು ಪಾತ್ರದಾನ. ದುಃಖಿತ ಜೀವಿಗಳಿಗೆ ಕರುಣೆಯಿಂದ ಕೊಡುವುದು ದಯಾದತ್ತಿ. ಪಶುಗಳ ಚಿಕಿತ್ಸೆಯು ಈ ಎರಡನೆಯದರಲ್ಲಿ ಸೇರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ದಾನಕ್ಕೆ ನಿದರ್ಶನವಾಗಿ ನಾಲ್ವರನ್ನು ಹೆಸರಿಸುವಾಗ ಔಷಧದಾನಕ್ಕೆ ವೃಷಭಸೇನೆಯನ್ನು ಹೇಳಿದ್ದಾರೆ. ಆ ನಾಲ್ವರಲ್ಲಿ ಕೊನೆಯದು ಒಂದು ಹಂದಿ. ಮುನಿಯನ್ನು ಹುಲಿಯಿಂದ ಕಾಪಾಡಲು ಹೋರಿದ ಆ ತಿರ್ಯಂಚ ಜೀವಿಯು ದಾನಿಗಳ ಸಾಲಿನಲ್ಲಿ ಸ್ಥಾನ ಪಡೆಯಿತು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚರು ಐದನೆಯ ಗುಣಸ್ಥಾನದವರೆಗೆ ಏರಬಲ್ಲರೆಂಬುದು ಆಗಮದ ಮಾತು. ಜೀವಂಧರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದ್ದೂ ಆ ಜೀವಿಯ ಯೋಗ್ಯತೆಯನ್ನು ಅರಿತೇ. ಕೊಟ್ಟಿಗೆಯ ಎತ್ತು ಮನೆಯ ಸಾಮಾನಲ್ಲ; ಅದೂ ಮೋಕ್ಷಮಾರ್ಗದ ದೂರದ ಪಯಣಿಗ.

ದಿಲ್ಲಿಯ ಪಕ್ಷಿಗಳ ಆಸ್ಪತ್ರೆ

ಈ ದಯೆಯು ಸಂಸ್ಥೆಯ ರೂಪ ತಾಳಿರುವುದನ್ನು ದಿಲ್ಲಿಯ ಚಾಂದನಿ ಚೌಕದಲ್ಲಿ ಕಾಣಬಹುದು. ಅಲ್ಲಿಯ ಶ್ರೀ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯಿದೆ. ಗಾಳಿಪಟದ ದಾರಕ್ಕೆ ಸಿಲುಕಿ ರೆಕ್ಕೆ ಹರಿದುಕೊಂಡ ಪಾರಿವಾಳಗಳಿಗೆ ಅಲ್ಲಿ ಉಚಿತ ಚಿಕಿತ್ಸೆ. ಗುಣವಾದ ಮೇಲೆ ಬಿಡುಗಡೆ. ಮಾಂಸಾಹಾರಿಗಳಾದ ಹದ್ದು, ಗಿಡುಗಗಳನ್ನು ಉಳಿಸಿಕೊಳ್ಳದೆ, ಗಾಯಕ್ಕೆ ಮದ್ದು ಮಾಡಿ ಕಳುಹಿಸುವ ಪದ್ಧತಿಯಿದೆ. ಒಂದು ಜೀವಿಯ ಪೋಷಣೆಗಾಗಿ ಇನ್ನೊಂದರ ಹಿಂಸೆಯಾಗಬಾರದು. ಹಾಗೆಂದು ನೋವಿನಿಂದ ಬಂದ ಜೀವಿಯನ್ನು ಬಾಗಿಲಿನಿಂದಲೇ ತಿರುಗಿಸಲೂ ಬಾರದು. ಈ ಎರಡರ ನಡುವೆ ಕಂಡುಕೊಂಡ ದಾರಿಯು ಮನನಯೋಗ್ಯ.

ಒಂದು ಶಂಕೆ, ಅದರ ಸಮಾಧಾನ

ಎತ್ತಿನ ಹೆಗಲ ಹುಣ್ಣಿನಲ್ಲಿ ಹುಳು ಬಿದ್ದರೆ ಔಷಧ ಹಾಕುವುದರಿಂದ ಹುಳುಗಳಿಗೆ ಹಿಂಸೆಯಾಗುವುದಿಲ್ಲವೇ? ಇದು ಶ್ರಾವಕರಲ್ಲಿ ಅನೇಕರನ್ನು ಕಾಡುವ ಪ್ರಶ್ನೆ. ಆ ಹಿಂಸೆಯಿಲ್ಲವೆಂದು ಹೇಳಲಾಗದು. ಆದರೆ ಗೃಹಸ್ಥನು ತ್ಯಜಿಸಿರುವುದು ಸಂಕಲ್ಪೀ ಹಿಂಸೆಯನ್ನು. ಇಲ್ಲಿಯ ಸಂಕಲ್ಪವು ಎತ್ತನ್ನು ಉಳಿಸುವುದೇ ಹೊರತು ಹುಳುವನ್ನು ಕೊಲ್ಲುವುದಲ್ಲ. ಹಾಗೆಂದು ಇಲ್ಲಿಗೇ ನಿಶ್ಚಿಂತನಾಗುವುದೂ ಸಲ್ಲದು. ಹುಳು ಬೀಳುವವರೆಗೆ ಹುಣ್ಣನ್ನು ಕಡೆಗಣಿಸಿದ ಪ್ರಮಾದವು ಯಾರದು? ಚರ್ಮ ತರಚಿದ ದಿನವೇ ಶುದ್ಧ ನೀರಿನಿಂದ ತೊಳೆದು, ಮುಲಾಮು ಹಚ್ಚಿ, ನೊಣ ಕೂಡದಂತೆ ಕಾಯ್ದು, ಮಾಯುವವರೆಗೆ ನೊಗಕ್ಕೆ ಕಟ್ಟದಿದ್ದರೆ ಎತ್ತೂ ಉಳಿಯುತ್ತದೆ, ಹುಳುಗಳೂ ಹುಟ್ಟವು. ಅಪ್ರಮಾದವೇ ಮೊದಲ ಔಷಧ.

ಮೂರು ತಾಲೂಕುಗಳ ಕರ್ತವ್ಯ

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿದಾಗ ಜನರೊಡನೆ ದನಕರುಗಳೂ ನೆಲೆ ತಪ್ಪಿದವು. ನೀರು ಏರುವ ರಾತ್ರಿ ಕಣ್ಣಿ ಬಿಚ್ಚದೆ ಹೋದರೆ ಕಟ್ಟಿದ ದನಕ್ಕೆ ಈಜುವ ದಾರಿಯೂ ಇಲ್ಲ. ಬಂಧವೆಂಬ ಅತಿಚಾರವು ಅಲ್ಲಿ ಪ್ರಾಣಘಾತಕ್ಕೇ ಮುಟ್ಟುತ್ತದೆ. 2022ರಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಚರ್ಮಗಂಟು ರೋಗ ಹಬ್ಬಿತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ರೋಗದಲ್ಲಿ ಬೇನೆಯ ದನವನ್ನು ಬೇರೆ ಕಟ್ಟುವುದು ಅವಶ್ಯ. ಆದರೆ ಬೇರೆ ಕಟ್ಟುವುದೆಂದರೆ ಬೀದಿಗೆ ಬಿಡುವುದಲ್ಲ.

ಊರೂರಿನ ಶ್ರಾವಕ ಸಂಘವು ಮಾಡಬಹುದಾದ ಕಾರ್ಯಗಳು ಹೀಗಿವೆ. ಬಸದಿಯ ಭಾಂಡಾರದಿಂದ ಪಶುಗಳ ಔಷಧಕ್ಕಾಗಿ ಒಂದು ಪ್ರತ್ಯೇಕ ನಿಧಿಯನ್ನು ಇಡುವುದು. ಮಳೆಗಾಲಕ್ಕೆ ಮುನ್ನ ಗಳಲೆ ರೋಗದ, ಹಾಗೂ ಕಾಲಕಾಲಕ್ಕೆ ಕಾಲುಬಾಯಿ ಬೇನೆಯ ಲಸಿಕೆಯನ್ನು ಊರಿನ ಎಲ್ಲ ದನಗಳಿಗೂ ಹಾಕಿಸುವುದು. ಏಳಲಾರದ ದನವಿದ್ದಲ್ಲಿ ರಾಜ್ಯದ ಪಶು ಸಂಜೀವಿನಿ ಸೇವೆಯ 1962 ಸಂಖ್ಯೆಗೆ ಕರೆ ಮಾಡುವುದು. ದುಡಿಯಲಾರದ ಮುದಿ ಎತ್ತನ್ನು ಸಂತೆಗೆ ಹೊಡೆಯಲು ಹೊರಟ ಬಡ ಒಕ್ಕಲಿಗನಿಗೆ ಮೇವಿನ ನೆರವು ಕೊಟ್ಟು ತಡೆಯುವುದು. ಇವುಗಳಲ್ಲಿ ಜಾತಿ-ಮತಗಳ ಎಣಿಕೆ ಸಲ್ಲದು, ನೋವಿಗೆ ಜಾತಿಯಿಲ್ಲ.

ಉಪವಾಸದಂದು ಉಳಿದ ಊಟದ ವೆಚ್ಚವನ್ನು ಆ ನಿಧಿಗೆ ಹಾಕಿದರೆ ಒಂದೇ ದಿನದಲ್ಲಿ ತಪವೂ ದಾನವೂ ಸಿದ್ಧಿಸುತ್ತವೆ. ಪರ್ವದಿನದ ಮುಂಜಾನೆ ಬಸದಿಗೆ ಹೊರಡುವ ಮುನ್ನ ಗೋದಲಿಗೆ ಮೇವು, ಬಾನಿಗೆ ನೀರು ಹಾಕಿ, ಎತ್ತಿನ ಹೆಗಲ ಮೇಲೆ ಒಮ್ಮೆ ಕೈಯಾಡಿಸಿ ನೋಡಲಿ. ಆ ಬಳಿಕ ಕೈಕೊಂಡ ಉಪವಾಸವು ನಿರತಿಚಾರವಾಗುವುದು.

ಮನನಕ್ಕೆ

1. ಉಪವಾಸಕ್ಕೂ ಅನ್ನಪಾನನಿರೋಧಕ್ಕೂ ಇರುವ ಭೇದವೇನು?
2. ಐದು ಅತಿಚಾರಗಳಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಘಟಿಸುವುವು ಯಾವುವು?
3. ಹುಣ್ಣಿನಲ್ಲಿ ಹುಳು ಬೀಳುವ ಮುನ್ನ ಮಾಡಬೇಕಾದ ಉಪಚಾರವೇನು?