ಗೆರೆಗಾಗಿ ಕುಣಿತ ಕಲಿತವರು

ಗೆಳೆಯರೇ, ಹೋದ ವಾರ ನಾನು ಬರೆದ ಕೋಳಿ ಚಿತ್ರ ನೋಡಿ ನೀವೆಲ್ಲ ನಕ್ಕಿರಿ. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ತೂತಾಗಿತ್ತು. ಇನ್ನು ಚಿತ್ರ ಬರೆಯೋದೇ ಬೇಡ ಅಂತ ನಾನು ಕೂತಿದ್ದಾಗ ಡ್ರಾಯಿಂಗ್ ಮೇಷ್ಟ್ರು ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೋರಿಸಿದರು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ನಮ್ಮೂರಿನಂಥದೇ ಹಳ್ಳಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಪಾಠವನ್ನೂ ಹೇಳಿದರು. ಮೇಷ್ಟ್ರಾದ ಮೇಲೆ ಕಲಿಯೋದು ಮುಗೀತು ಅಂತ ನಾವು ತಿಳ್ಕೊಂಡಿದ್ದೇವೆ. ಅವರು ಮಾತ್ರ 40ರ ಹತ್ತಿರದ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಲಯವನ್ನು ಅರಿಯಲು ಕಥಕ್ ನೃತ್ಯವನ್ನೂ ಕಲಿತರು!

"ಚಿತ್ರ ಬರೆಯೋರಿಗೆ ಕುಣಿತ ಯಾಕೆ ಸಾರ್?" ಅಂತ ಕೇಳಿದೆ. ಮೇಷ್ಟ್ರು ಉತ್ತರ ಹೇಳಲಿಲ್ಲ. ಕುಣಿಯುವವರ ಚಿತ್ರವೊಂದನ್ನು ಮುಂದಿಟ್ಟು, ಗೆರೆಯ ಮೇಲೆ ಬೆರಳಾಡಿಸು ಅಂದರು. ಗೆರೆ ತೋಳಿನಿಂದ ಸೊಂಟಕ್ಕೆ, ಸೊಂಟದಿಂದ ಕಾಲಿಗೆ ಇಳಿಯುತ್ತದೆ. ಬಣ್ಣವಿಲ್ಲ, ನೆರಳಿಲ್ಲ, ಇರುವುದೇ ನಾಲ್ಕಾರು ಗೆರೆ. ಆದರೂ ನನ್ನ ಬೆರಳು ತಾನಾಗಿಯೇ ತಿರುಗಿತು. ನಾನು ಕೋಳಿಯ ಆಕಾರ ಬರೆದಿದ್ದೆ, ಅದರ ನಡಿಗೆ ನೋಡಿರಲಿಲ್ಲ.

1989ರಲ್ಲಿ ಅವರಿಗೆ ಪದ್ಮಭೂಷಣ ಬಂತು. 1996ರಲ್ಲಿ ತೀರಿಕೊಂಡರು. ಪರೀಕ್ಷೆಗೆ ಇದು ಬರಬಹುದು, ಆದರೆ ನನಗೆ ನೆನಪಿರೋದು ಆ ಕಥಕ್ಕೇ.

ನಿನ್ನೆ ಸಂಜೆ ಹಿತ್ತಿಲಲ್ಲಿ ಕೂತು, ಕೋಳಿ ಹೆಜ್ಜೆಗೊಮ್ಮೆ ಕತ್ತು ಹೇಗೆ ಮುಂದೆ ಚಾಚುತ್ತದೆ ಅಂತ ನೋಡಿದೆ. ಅಜ್ಜಿ, "ಇವನಿಗೇನಾಯ್ತೋ" ಅಂದಳು. ಆಮೇಲೆ ರಬ್ಬರು ಮುಟ್ಟದೆ ಬರೆದೆ. ಬಾಲ ಇನ್ನೂ ಸರಿಯಾಗಿಲ್ಲ. ಚಿತ್ರ ಕೆಳಗೆ ಅಂಟಿಸಿದ್ದೇನೆ, ನಗುವವರು ನಗಬಹುದು.