ಅರ್ಥವಾಗದ ಉಪನ್ಯಾಸಕ್ಕೂ ಹೋಗಬೇಕೆ?

ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಊರು ಗದಗ ಜಿಲ್ಲೆಯ ಒಂದು ಹಳ್ಳಿ, ಕಲಿತದ್ದೆಲ್ಲ ಕನ್ನಡ ಮಾಧ್ಯಮ. ಹೊರಗಿನಿಂದ ದೊಡ್ಡವರು ಬಂದು ಇಂಗ್ಲಿಷಿನಲ್ಲಿ ಉಪನ್ಯಾಸ ಕೊಡುತ್ತಾರೆ. ಅರ್ಧದಷ್ಟೂ ತಿಳಿಯುವುದಿಲ್ಲ. ಎಲ್ಲರೂ ತಲೆ ಆಡಿಸುತ್ತಾರೆ, ನಾನೂ ಆಡಿಸುತ್ತೇನೆ. ಪ್ರಶ್ನೆ ಇದ್ದರೂ ಬಾಯಿ ಬರುವುದಿಲ್ಲ. ಗೆಳತಿ ಒಮ್ಮೆ ಸಂಗೀತಕ್ಕೆ ಕರೆದುಕೊಂಡು ಹೋದಳು. ಯಾವಾಗ ‘ವಾಹ್’ ಅನ್ನಬೇಕೆಂದು ಗೊತ್ತಾಗದೆ ಮುದುಡಿಕೊಂಡು ಕೂತಿದ್ದೆ. ರೂಮಿನವಳು ಸರ್ಕಾರಿ ನೌಕರಿಯ ಎಫ್‌ಡಿಎ ಪರೀಕ್ಷೆಗೆ ಓದುತ್ತಾಳೆ. ‘ಇವೆಲ್ಲ ನೌಕರಿ ಕೊಡ್ತಾವೇನು?’ ಅನ್ನುತ್ತಾಳೆ. ಅಪ್ಪ ಸಾಲ ಮಾಡಿ ಓದಿಸುತ್ತಿದ್ದಾನೆ. ಹೋಗುವುದನ್ನು ಬಿಟ್ಟುಬಿಡಲೇ?
— ಒಬ್ಬ ವಿದ್ಯಾರ್ಥಿನಿ

ಪ್ರೀತಿಯ ತಂಗಿ,

ಬಿಡಬೇಡ. ಆದರೆ ಈಗ ಹೋಗುತ್ತಿರುವ ರೀತಿಯಲ್ಲಿ ಹೋಗಬೇಡ.

ತಿಳಿಯದಿರುವುದಕ್ಕೆ ನಿನ್ನ ಇಂಗ್ಲಿಷ್ ಒಂದೇ ಕಾರಣ ಅಂದುಕೊಂಡಿದ್ದೀಯ. ಅದು ಪೂರ್ತಿ ನಿಜವಲ್ಲ. ಪರಿಣತರ ಉಪನ್ಯಾಸ ನಡುವಿನಿಂದ ಶುರುವಾಗುತ್ತದೆ. ಹಿಂದೆ ಯಾರು ಏನು ಹೇಳಿದ್ದರು, ಯಾರೊಡನೆ ತಕರಾರು ಇತ್ತು ಎಂಬುದೆಲ್ಲ ಕೇಳುವವರಿಗೆ ಮೊದಲೇ ಗೊತ್ತಿದೆ ಎಂಬ ಲೆಕ್ಕದಲ್ಲಿ ಮಾತು ಸಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಹೊಸ ವಿಷಯವಾದರೆ ಅರ್ಧ ಕೈತಪ್ಪುತ್ತದೆ. ನಿನ್ನ ಅಕ್ಕಪಕ್ಕ ಆಡುತ್ತಿದ್ದ ತಲೆಗಳಲ್ಲಿ ಎಷ್ಟೋ ನಿನ್ನ ಹಾಗೆಯೇ ಆಡುತ್ತಿದ್ದವು. ಇನ್ನು ಸಂಘಟಕರ ಪಾಲೂ ಇದೆ. ಸ್ವಾಗತ, ಹಾರ, ಶಾಲು, ಅಧ್ಯಕ್ಷರ ನುಡಿಗೇ ಮುಕ್ಕಾಲು ಗಂಟೆ ಕಳೆದು, ಪ್ರಶ್ನೆಗೆ ಐದು ನಿಮಿಷ ಬಿಟ್ಟು, ಕುರ್ಚಿ ತುಂಬಲು ವಿದ್ಯಾರ್ಥಿಗಳನ್ನು ಕರೆತಂದು ಕೂರಿಸುವ ಪದ್ಧತಿ ನನಗೆ ಸಿಟ್ಟು ತರಿಸುತ್ತದೆ. ಆ ಸಭೆಗಳಲ್ಲಿ ಏನೂ ದಕ್ಕದಿದ್ದರೆ ಅದರ ನಾಚಿಕೆ ನಿನ್ನದಲ್ಲ.

ಮೊದಲು ಹೀಗೆ ಮಾಡು. ಬಂದ ಆಮಂತ್ರಣಕ್ಕೆಲ್ಲ ಹೋಗದೆ ಒಂದೇ ವಿಷಯ ಹಿಡಿ. ಇತಿಹಾಸದವಳು, ಅದರಲ್ಲೂ ಗದಗಿನ ಕಡೆಯವಳು. ಶಾಸನಗಳನ್ನೇ ಹಿಡಿಯಬಹುದಲ್ಲ! ನಿಮ್ಮ ಜಿಲ್ಲೆಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಶಾಸನ 1007ರದು. ಆ ಕಾಲದ ದಾನಶಾಸನಗಳ ತುಂಬ ಮತ್ತರು ಲೆಕ್ಕದ ಹೊಲ, ಕೆರೆ, ಹಳ್ಳ, ಎಲೆತೋಟ, ದೀಪಕ್ಕೆ ಗಾಣದ ಎಣ್ಣೆ. ಹೊಲದ ಎಲ್ಲೆ ಹಳ್ಳದ ಗುಂಟ ಹೋದರೆ ಮಳೆಗಾಲದಲ್ಲಿ ಏನಾಗುತ್ತದೆ, ಬಾಂದುಗಲ್ಲು ಸರಿಸಿದರೆ ಎಂಥ ಜಗಳ ಏಳುತ್ತದೆ ಎಂಬುದು ದೂರದಿಂದ ಬಂದ ವಿದ್ವಾಂಸರಿಗೆ ಪುಸ್ತಕದ ಮಾತು, ನಿನಗೆ ಮನೆಯ ಮಾತು. ಅಲ್ಲಿಂದ ಹುಟ್ಟುವ ಪ್ರಶ್ನೆ ಸಭೆಯಲ್ಲಿ ಬೇರೆ ಯಾರೂ ಕೇಳಲಾರದಂಥದು. ವಿಶ್ವವಿದ್ಯಾಲಯದೊಳಗೇ ಕನ್ನಡ ಸಂಶೋಧನಾ ಸಂಸ್ಥೆ ಇದೆ, 1939ರಲ್ಲಿ ಶುರುವಾದದ್ದು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ಮಧ್ಯಾಹ್ನ ಕಳೆದು, ಆಮೇಲೆ ಉಪನ್ಯಾಸಕ್ಕೆ ಹೋಗಿ ನೋಡು.

ಕಿವಿ ಪಳಗುವವರೆಗೆ ಕನ್ನಡದಲ್ಲೇ ಕೇಳು. 1890ರಿಂದ ನಡೆದುಬಂದಿರುವ ಕರ್ನಾಟಕ ವಿದ್ಯಾವರ್ಧಕ ಸಂಘ ನೀನಿರುವ ಧಾರವಾಡದಲ್ಲೇ ಇದೆ. ಅಲ್ಲಿನ ದತ್ತಿ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನಿನ್ನ ವಿಶ್ವವಿದ್ಯಾಲಯದ ಪ್ರಸಾರಾಂಗವಂತೂ ವಿದ್ವಾಂಸರನ್ನು ಹಳ್ಳಿಗಳಿಗೆ ಕಳಿಸಿ ಕನ್ನಡದಲ್ಲಿ ಮಾತಾಡಿಸಿತು. ಆ ಮಾತುಗಳನ್ನೇ ‘ಉಪನ್ಯಾಸ ಗ್ರಂಥಮಾಲೆ’ ಎಂದು ಚಿಕ್ಕ ಚಿಕ್ಕ ಪುಸ್ತಕ ಮಾಡಿ ಅಚ್ಚುಹಾಕಿತು. ನಿನ್ನಂಥವರ ಊರಿನ ಗುಡಿಕಟ್ಟೆಗೆ ತಾನೇ ನಡೆದು ಬಂದ ವಿಶ್ವವಿದ್ಯಾಲಯ ಅದು. ಅದರ ಸಭಾಂಗಣದಲ್ಲಿ ನೀನು ಅಳುಕಿ ಕೂರುವುದೆಂದರೇನು? ಗ್ರಂಥಾಲಯದಲ್ಲಿ ಆ ಪುಸ್ತಕಗಳನ್ನು ಹುಡುಕು. ಒಂದೊಂದನ್ನು ಒಂದೇ ಸಲಕ್ಕೆ ಕೂತು ಓದಬಹುದು.

ಪ್ರಶ್ನೆಯ ವಿಷಯ. ಅದನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೋ, ಎರಡು ಸಾಲು ಸಾಕು. ಎದ್ದು ನಿಂತು, ‘ಸರ್, ಕನ್ನಡದಾಗ ಕೇಳಲೇನ್ರಿ?’ ಅನ್ನು. ಹೊರಗಿನವರಿಗೆ ಕನ್ನಡ ಬಾರದಿದ್ದರೆ ವಿಭಾಗದ ಮೇಷ್ಟರೊಬ್ಬರು ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅದು ಅವರ ಕೆಲಸ. ಮೊದಲ ಸಲ ಅಷ್ಟೂ ಧೈರ್ಯ ಬಾರದಿದ್ದರೆ ಸಭೆ ಮುಗಿದು ಚಹಾ ಕುಡಿಯುವಾಗ ಹೋಗಿ ಕೇಳು. ಮಾತಾಡಿ ಇಳಿದವರು ಆಗ ವೇದಿಕೆಯ ಮೇಲಿದ್ದುದಕ್ಕಿಂತ ಮೃದುವಾಗಿರುತ್ತಾರೆ.

ಸಂಗೀತಕ್ಕೆ ಇಷ್ಟು ಚಿಂತೆ ಬೇಡ. ಹಿಂದುಸ್ತಾನಿ ಗಾಯನದ ಬಡಾ ಖ್ಯಾಲ್ ಬಲು ನಿಧಾನ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳ ಒಂದು ಸುತ್ತು ಮುಗಿಯಲು ಸುಮಾರು ಹೊತ್ತು ಹಿಡಿಯುತ್ತದೆ. ನೀನು ತಬಲಾದ ಮೇಲೆ ಕಿವಿಯಿಡು. ಹಾಡುವವರು ಎಲ್ಲೆಲ್ಲೋ ಸುತ್ತಾಡಿ, ಚೀಜಿನ, ಅಂದರೆ ಹಾಡಿನ, ಮೊದಲ ನುಡಿ ಹಿಡಿದು ಮೊದಲ ಮಾತ್ರೆಗೆ ಬಂದು ಸೇರುತ್ತಾರೆ. ಅದೇ ಸಮ್. ಬಲ್ಲವರ ತಲೆ, ಕೈ ಆಡುವುದು ಅಲ್ಲಿ. ನಾಲ್ಕಾರು ಸುತ್ತು ಕೇಳಿದ ಮೇಲೆ ಅದು ಬರುವುದನ್ನು ನೀನೇ ಕಾಯತೊಡಗುತ್ತೀಯ. ‘ವಾಹ್’ ಅನ್ನಲೇಬೇಕೆಂದೇನೂ ಇಲ್ಲ. ಸುಮ್ಮನೆ ಕೇಳುವವರನ್ನು ಹಾಡುವವರು ಗುರುತಿಸುತ್ತಾರೆ. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಶಾಲೆ ಕಲಿತದ್ದು ಐದನೇ ಇಯತ್ತೆಯವರೆಗೆ ಮಾತ್ರ. ನಿನ್ನ ವಿಶ್ವವಿದ್ಯಾಲಯವೇ ಅವರನ್ನು ಸಂಗೀತದ ಗೌರವ ಪ್ರಾಧ್ಯಾಪಕರನ್ನಾಗಿ ಕೂರಿಸಿ ಪಾಠ ಹೇಳಿಸಿತು. ಕಲೆಯ ಮುಂದೆ ಕೂರಲು ಯೋಗ್ಯತಾಪತ್ರ ಬೇಕೆಂಬ ಅಂಜಿಕೆ ಧಾರವಾಡದಲ್ಲಂತೂ ಬೇಡ.

ರೂಮಿನ ಗೆಳತಿಯ ಮಾತು ತಳ್ಳಿಹಾಕುವಂಥದಲ್ಲ. ಸಾಲ ಸಾಲವೇ, ನೌಕರಿ ಬೇಕು. ಉಪನ್ಯಾಸ ಕೇಳಿದರೆ ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚು ಬರುತ್ತವೆ ಎಂದು ನಿನ್ನನ್ನು ಪುಸಲಾಯಿಸಲಾರೆ. ವಾರಕ್ಕೆ ಒಂದು ಸಂಜೆ ಎತ್ತಿಡು, ಅಷ್ಟೇ. ಪರೀಕ್ಷೆ ತಿಂಗಳೊಪ್ಪತ್ತಿನಲ್ಲಿ ಇದೆಯೆಂದಾಗ ಅದನ್ನೂ ಬಿಡು, ಮುಗಿದ ಮೇಲೆ ಮತ್ತೆ ಹೋಗು. ಅಪ್ಪನಿಗೆ ಮುಚ್ಚಿಡಬೇಡ. ಶಾಸನದಲ್ಲಿ ಹೊಲದ ಎಲ್ಲೆ ಹೇಗೆ ಬರೆಯುತ್ತಿದ್ದರೆಂದು ಫೋನಿನಲ್ಲಿ ಹೇಳು. ಒಕ್ಕಲುತನದವರಿಗೆ ಅದರಲ್ಲಿ ನಮಗಿಂತ ಹೆಚ್ಚು ಕಾಣುತ್ತದೆ, ನಿನ್ನ ಮುಂದಿನ ಪ್ರಶ್ನೆ ಅವರೇ ಕೊಟ್ಟರೂ ಕೊಟ್ಟಾರು.

ಕೊನೆಗೊಂದು ಮಾತು, ಸಂಗೀತ ನಾಟಕಗಳು ತಡವಾಗುತ್ತವೆ. ಹಾಸ್ಟೆಲ್ಲಿನ ಗೇಟು ಹಾಕುವ ಹೊತ್ತು ನೋಡಿಕೊಂಡು ವಾರ್ಡನ್‌ಗೆ ಮೊದಲೇ ಅರ್ಜಿ ಬರೆದುಕೊಡು, ಇಬ್ಬರು ಮೂವರು ಕೂಡಿ ಹೋಗಿ ಕೂಡಿಯೇ ಬನ್ನಿ.